ಚಂದ್ರಿಯ ಹದಿನೆಂಟು ಉಗುರು

ಮೂಲೆಗೆಸೆದ ಹಳೇ ಚಂದ್ರಿಕೆಯ ಬಿದಿರ ಸುತ್ತಿನೊಳಗೆ
ಹುಳುವಿನಂತೆ ಸುರುಳಿಯಾಗಿ ಮಲಗಿ ಸಿಕ್ಕಿದವಳು,
ಅದಕ್ಕೇ ಚಂದ್ರಿ.
ಶಿಡ್ಲಘಟ್ಟದ ನಮ್ಮ ಫಿಲೇಚರ್ ಶೆಡ್ಡಿಗೆ
ಎರಡು ತಿಂಗಳೂ ತುಂಬದ ಹೆಣ್ಣುಮರಿ,
ಬಂದ ವಾರದಲ್ಲೇ ಮೂರು ಲಡಿ ಕೆಡಿಸಿದಳು.

ಬೇಕೂಂತ ಅಲ್ಲ.
ತೂಗುವ ನೂಲು ಕಂಡರೆ ಮುಂಗಾಲು ಎತ್ತುತ್ತಾಳೆ,
ಉಗುರಿನ ಕೊಕ್ಕೆಗೆ ಎಳೆ ಸಿಕ್ಕುತ್ತದೆ,
ಬಿಡಿಸಿಕೊಳ್ಳಲು ಹೋಗಿ ಇನ್ನಷ್ಟು ಸಿಕ್ಕುತ್ತದೆ.
ನಯಾಜ್ ಸಾಬರು ತಕ್ಕಡಿ ಮುಂದೆ ಕೂತೇ ಅಂದರು:
"ಗಂಗುಲಮ್ಮ, ಒಂದೋ ಉಗುರು ಹೋಗಬೇಕು,
ಇಲ್ಲಾ ಉಗುರಿನ ಯಜಮಾನಿ."

ಕತ್ತರಿ ಬೇಡ ಎಂದ ಸುಹೇಲ,
ಸಾಬರ ಮಗ, ಆರನೇ ಕ್ಲಾಸು.
ಚಡ್ಡಿ ಜೇಬಿಂದ ತನ್ನದೇ ನೇಲ್ ಕಟರ್ ತೆಗೆದ.
ಇಷ್ಟು ಪುಟ್ಟ ಉಗುರಿಗೆ ಅದೇ ಸಾಕು, ಹರಿತವಿದ್ದರೆ;
ಮೊಂಡಾದದ್ದು ಕತ್ತರಿಸುವುದಿಲ್ಲ, ಹಿಸುಕುತ್ತದೆ.

ಮೊದಲ ದಿನ ಅವಸರ ಮಾಡಿದೆ.
ಅತ್ತ ಗೂಡು ಬೆಂದು ಕಾಯುತ್ತಿತ್ತು,
ಇತ್ತ ಇವಳನ್ನು ಕಂಕುಳಲ್ಲಿ ಇರುಕಿ
ಕಚಕ್ ಅನ್ನಿಸಿದೆ.
ಉಗುರೊಳಗೆ ಜೀವ ಎಲ್ಲಿಯವರೆಗೆ ಬಂದು ಕೂತಿರುತ್ತದೆಂದು
ಯಾರು ಹೇಳಿದ್ದರು ನನಗೆ?
ಒಂದೇ ಕಿರುಚು. ಒಂದೇ ಹನಿ,
ಸಾಸಿವೆಗಿಂತ ಕೊಂಚ ದಪ್ಪ.
ದಿನಕ್ಕೆ ಸಾವಿರಾರು ಹುಳ ಬೇಯಿಸುವ ಕೈ ಇದು,
ಮನೆಗೆ ಹೋದರೂ ಸೀರೆಯಿಂದ ಆ ವಾಸನೆ ಬಿಡುವುದಿಲ್ಲ.
ಆ ಕೈ ನಡುಗಿತು.
ಸುಹೇಲ ಬೇಕರಿಗೋಡಿ ಕಾರ್ನ್‌ಫ್ಲೋರ್ ತಂದ.
ಅದರಲ್ಲಿ ಉಗುರಿನ ತುದಿ ಒತ್ತಿ ಹಿಡಿದು
ಇಬ್ಬರೂ ಇನ್ನೂರರವರೆಗೆ ಎಣಿಸಿದೆವು,
ನಡುವೆ ಎತ್ತಿ ನೋಡದೆ.

ಎರಡು ದಿನ ಸೌದೆ ಒಟ್ಟಿಲಿನ ಹಿಂದೆ ಅವಿತಳು.
ನಾನು ಕರೆಯಲಿಲ್ಲ.
ಕಟರ್ ನೆಲದ ಮೇಲಿಟ್ಟೆ, ಪಕ್ಕಕ್ಕೆ ಒಂದು ಚೂರು ಬೆಂದ ಮೊಟ್ಟೆ.
ಮೂಸಿದಳು. ತಿಂದಳು. ಕಟರನ್ನೂ ನೆಕ್ಕಿದಳು.
ಮಾರನೇ ದಿನ ಪಾದ ಮುಟ್ಟಿದೆ, ಬಿಟ್ಟೆ.
ಅದರ ಮಾರನೇ ದಿನ ಒಂದೊಂದೇ ಬೆರಳು ಒತ್ತಿದೆ, ಬಿಟ್ಟೆ.
ಮೊಟ್ಟೆ ಮಾತ್ರ ತಪ್ಪಿಸಲಿಲ್ಲ.

ಈಗ ಗೊತ್ತು. ಹೊಟ್ಟೆ ತುಂಬಿ ಕಣ್ಣು ತೂಗುವಾಗಲೇ ಹೊತ್ತು.
ತೊಡೆ ಮೇಲೆ ಬೆನ್ನಾಗಿಸಿ ಹಾಕಿಕೊಂಡರೆ
ಸುಹೇಲ ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿಯುತ್ತಾನೆ.
ಬಿಳಿ ಉಗುರಿನೊಳಗೆ ತೆಳು ಗುಲಾಬಿ ಕಾಣುತ್ತದೆ,
ಅದರಿಂದ ಇಷ್ಟು ದೂರದಲ್ಲಿ
ಬಾಗಿದ ಮುಳ್ಳಿನ ಮೊನೆ ಮಾತ್ರ.
ಕರಿ ಉಗುರಿಗೆ ಟಾರ್ಚು ಸೋಲುತ್ತದೆ.
ಅದನ್ನು ಹೆರೆದ ಹಾಗೆ, ಚೂರು, ಮತ್ತೆ ಚೂರು;
ಕತ್ತರಿಸಿದ ಮುಖದ ನಡುವೆ ಒಂದು ಚುಕ್ಕೆ ಮೂಡಿತೋ
ಅಲ್ಲಿಗೆ ನಿಲ್ಲಿಸು, ಕೈ ಎಷ್ಟೇ ತುರಿಸಲಿ.

ಹದಿನಾರು ವರ್ಷ ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ
ನನ್ನ ಬೆರಳಿಗೆ ಬಿಸಿ ಯಾವುದು ತಂಪು ಯಾವುದು ತಿಳಿಯದು.
ಇವಳ ಪಾದ ಬೆಚ್ಚಗಿದೆಯಂತೆ,
ಸುಹೇಲ ಹೇಳುತ್ತಾನೆ.
ಆದರೆ ಅವಳು ಕಾಲೆಳೆದುಕೊಳ್ಳುವ ಮುಂಚಿನ ಆ ಸಣ್ಣ ಬಿಗಿ,
ತುಂಡಾಗುವ ಮುಂಚೆ ಎಳೆ ಬಿಗಿಯುತ್ತದಲ್ಲ, ಅದೇ,
ಅದು ತಿಳಿಯುತ್ತದೆ. ಬಿಡುತ್ತೇನೆ.

ಇಪ್ಪತ್ತು ಎಂದಿದ್ದೆ ನಾನು. ಅಲ್ಲ, ಹದಿನೆಂಟು ಎಂದ.
ಜಗಳಾಡಿ ಎಣಿಸಿದೆವು: ಹಿಂಗಾಲಿಗೆ ನಾಲ್ಕು ನಾಲ್ಕೇ.
ಮುಂಗಾಲಿನ ಒಳಮಗ್ಗುಲಲ್ಲಿ, ನೆಲಕ್ಕೆ ತಾಗದ ಎತ್ತರದಲ್ಲಿ,
ಕೂದಲಲ್ಲಿ ಮುಚ್ಚಿಹೋಗಿ ಒಂದೊಂದು.
ನಡೆದು ಸವೆಯದ ಉಗುರು ಅದು,
ಮರೆತರೆ ದುಂಡಗೆ ಬೆಳೆದು ತನ್ನ ಮಾಂಸಕ್ಕೇ ಚುಚ್ಚುತ್ತದೆ.
ಅವೆರಡನ್ನು ಕೊನೆಗಿಟ್ಟಿದ್ದೆವು.

ದಿನಕ್ಕೆರಡರಂತೆ ಒಂಬತ್ತು ದಿನ ಸಾಕಿತ್ತು.
ನಡುವೆ ಒಮ್ಮೆ ಸುಹೇಲನಿಗೆ ಪರೀಕ್ಷೆ,
ಎರಡು ಸಲ ಅವಳೇ ಒಲ್ಲೆ ಎಂದಳು,
ಹದಿಮೂರಾಯಿತು.
ಇವತ್ತು ಸಾಬರು ಲಡಿಯನ್ನು ಬೆಳಕಿಗೆ ಹಿಡಿದು
ಈ ಕಡೆ ಆ ಕಡೆ ತಿರುಗಿಸಿ
ಏನೂ ಅನ್ನದೆ ತಕ್ಕಡಿಗೆ ಹಾಕಿದರು.

ಚಂದ್ರಿ ನನ್ನ ಪಾದದ ಮೇಲೆ ನಿದ್ದೆ ಹೋಗಿದ್ದಾಳೆ.
ಬಗ್ಗಿ ನೋಡಿದೆ:
ಮೊದಲು ಕತ್ತರಿಸಿದ್ದು, ಆ ಹನಿಯದ್ದು,
ಆಗಲೇ ಮತ್ತೆ ಸಣ್ಣಗೆ ಕೊಕ್ಕೆ ಬಾಗಿದೆ.
"ಸುಹೇಲ, ಟಾರ್ಚ್ ತಾರೋ."